ಇಲಿ ಹಿಡಿಯಲಿ, ಹಕ್ಕಿ ಬಿಡಲಿ: ಬೇಟೆಗಾರ ಬೆಕ್ಕಿನ ಜೊತೆ ಬಾಳುವುದು ಹೇಗೆ?

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ. ಇನ್ನೂ ಆರೂವರೆ ಆಗಿರಲಿಲ್ಲ. ಹಿತ್ತಿಲ ಬಾಗಿಲ ಹತ್ತಿರ ನಮ್ಮ ಬೆಕ್ಕು ಬೂದಿ ಕೂಗಿದಳು. ಮಾಮೂಲಿ ಮ್ಯಾಂವ್ ಅಲ್ಲ. ಬಾಯಲ್ಲಿ ಏನನ್ನೋ ಕಚ್ಚಿಕೊಂಡಾಗ ಗಂಟಲೊಳಗೇ ಹೊರಳುವ ಸದ್ದು. ಬೆಕ್ಕು ಸಾಕಿದವರಿಗೆ ಆ ಸದ್ದು ಚೆನ್ನಾಗಿ ಗೊತ್ತು. ಹೋಗಿ ನೋಡಿದರೆ ಮಡಿವಾಳ ಹಕ್ಕಿಯ ಮರಿ. ರೆಕ್ಕೆ ಬಲಿತಿತ್ತು, ಬಾಲ ಇನ್ನೂ ಮೋಟು. ತಾಯಿ ಹಕ್ಕಿ ದಾಸವಾಳದ ಗಿಡದಲ್ಲಿ ಕೂತು ಒಂದೇ ಸಮನೆ ಚರ್ ಚರ್ ಎನ್ನುತ್ತಿತ್ತು. ಬಿಡಿಸಿಕೊಂಡೆ. ಮರಿ ನನ್ನ ಅಂಗೈಯಲ್ಲೇ ಸತ್ತಿತು. ಮೈಯ ಬಿಸಿ ಆರಲು ತುಂಬ ಹೊತ್ತು ಹಿಡಿಯಿತು.

ಹಿಂದಿನ ರಾತ್ರಿ ಇದೇ ಬೂದಿ ಅಟ್ಟದಲ್ಲಿ ಎರಡು ಇಲಿ ಹಿಡಿದಿದ್ದಳು. ಬೆನ್ನು ಸವರಿ ಹೊಗಳಿದ್ದೆವು. ‘ಇಲಿ ಹಿಡಿದರೆ ಜಾಣೆ, ಹಕ್ಕಿ ಹಿಡಿದರೆ ಪಾಪಿ ಅಂತ ಅದಕ್ಕೇನು ಗೊತ್ತಾಗುತ್ತೆ ಕಣೇ?’ ಅಂದರು ಅತ್ತೆ.

ಅತ್ತೆಯ ಮಾತು ನಿಜ. ಬೆಕ್ಕಿಗೆ ಗೊತ್ತಾಗುವುದಿಲ್ಲ, ಹಾಗಾಗಿ ನಾವೇ ವ್ಯವಸ್ಥೆ ಮಾಡಬೇಕು. ಬೇಟೆಯನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಆದರೆ ಇಲಿ ಓಡಾಡುವುದು ರಾತ್ರಿ, ಮನೆಯೊಳಗೆ. ಹಕ್ಕಿ ಓಡಾಡುವುದು ಹಗಲು, ಹೊರಗೆ. ಈ ಒಂದು ವ್ಯತ್ಯಾಸ ಹಿಡಿದುಕೊಂಡು ನಮ್ಮ ಮಲೆನಾಡಿನ ಹೆಂಚಿನ ಮನೆಯಲ್ಲಿ ಏನೇನು ಮಾಡಿದೆವು ಅಂತ ಹೇಳುತ್ತೇನೆ.

ಮೊದಲು: ಹೊಡೆಯುವುದು, ಉಪವಾಸ ಕೆಡವುವುದು ಬಿಡಿ

ಸತ್ತ ಹಕ್ಕಿಯನ್ನು ಮುಂದೆ ಹಿಡಿದು ಬೆಕ್ಕಿಗೆ ಬಡಿಯುವವರನ್ನು ನೋಡಿದ್ದೇನೆ. ಬೆಕ್ಕು ಕಲಿಯುವುದು ಒಂದೇ: ಈ ಮನುಷ್ಯರ ಹತ್ತಿರ ಹೋಗಬಾರದು. ಮುಂದಿನ ಸಲ ಹಕ್ಕಿಯನ್ನು ಮನೆಗೆ ತರುವ ಬದಲು ಬೇಲಿಯಾಚೆ ತಿನ್ನುತ್ತದೆ, ಅಷ್ಟೆ.

‘ಹೊಟ್ಟೆಗೆ ಕಮ್ಮಿ ಹಾಕಿದರೆ ಇಲಿ ಹಿಡಿಯುತ್ತೆ’ ಎನ್ನುವುದು ಇನ್ನೊಂದು ತಪ್ಪು ಲೆಕ್ಕ. ಹಸಿದ ಬೆಕ್ಕು ಇಲಿಗೇ ಅಂತ ಅಟ್ಟದಲ್ಲಿ ಕಾಯುವುದಿಲ್ಲ, ಸುಲಭಕ್ಕೆ ಸಿಕ್ಕಿದ್ದನ್ನು ಹಿಡಿಯುತ್ತದೆ. ಹೊಟ್ಟೆ ತುಂಬಿದ ಬೆಕ್ಕೂ ಹಿಡಿಯುತ್ತದೆ. ತರಗೆಲೆ ಸರಕ್ಕೆಂದರೆ ಸಾಕು, ಅದರ ಕಿವಿ ನೆಟ್ಟಗಾಗುತ್ತೆ. ಸುಮಾರು 10 ಸಾವಿರ ವರ್ಷದ ಹಿಂದೆ ಬೆಕ್ಕು ಮನುಷ್ಯನ ಹತ್ತಿರ ಬಂದದ್ದೇ ಕಾಳು ಕೂಡಿಟ್ಟ ಕಡೆ ಇಲಿ ಸಿಗುತ್ತದೆ ಅಂತ. ಆ ಗುಣವನ್ನು ಒಂದು ಬಡಿಗೆಯಿಂದ ತೆಗೆಯಲಾಗದು.

ಎರಡನೆಯದು: ಹೊತ್ತು ಬದಲಿಸಿ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದು. ಬೆಕ್ಕು ಹುರುಪಿನಲ್ಲಿರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಅದೇ ಹೊತ್ತಿನಲ್ಲಿ ಹಕ್ಕಿಗಳು ನೆಲಕ್ಕಿಳಿದು ಹುಳ ಹೆಕ್ಕುತ್ತಿರುತ್ತವೆ. ಹಾಗಾಗಿ ಸಂಜೆ ಆರಕ್ಕೆ ಮುಂಚೆ ಬೆಕ್ಕು ಒಳಗೆ. ಬೆಳಗ್ಗೆ ಎಂಟು, ಎಂಟೂವರೆ ಆದಮೇಲೆ ಹೊರಗೆ. ರಾತ್ರಿಯಿಡೀ ಅಡುಗೆಮನೆ, ಉಗ್ರಾಣ, ಅಟ್ಟ ಅದರದ್ದೇ. ಇಲಿ ಬರುವುದೂ ಆಗಲೇ. ನಾಯಿ, ವಾಹನದ ಕಾಟವೂ ತಪ್ಪುತ್ತದೆ.

ಕರೆದಾಗ ಬೆಕ್ಕು ಬರಬೇಕಲ್ಲ? ಊಟದ ಹೊತ್ತನ್ನು ಸಂಜೆ ಐದೂವರೆಗೆ ಗಟ್ಟಿ ಮಾಡಿ. ಮಧ್ಯಾಹ್ನ ಏನೂ ಹಾಕಬೇಡಿ. ಊಟ ಹಾಕುವ ಮುಂಚೆ ಪ್ರತಿದಿನ ಒಂದೇ ಸದ್ದು ಮಾಡಿ. ನಾನು ಸ್ಟೀಲ್ ಡಬ್ಬಕ್ಕೆ ಚಮಚದಿಂದ ಮೂರು ಸಲ ಬಡಿಯುತ್ತೇನೆ. ಬೂದಿ ಈಗ ಎಲ್ಲಿದ್ದರೂ ಬಾಲ ಎತ್ತಿಕೊಂಡು ಓಡಿ ಬರುತ್ತಾಳೆ. ತಿಂದ ಕೂಡಲೇ ಬಾಗಿಲು ಹಾಕಿ.

ಮೊದಲ ಕೆಲವು ರಾತ್ರಿ ಕೂಗಾಟ ಇರುತ್ತದೆ. ಒಂದು ಸಲ ಸೋತು ಬಾಗಿಲು ತೆಗೆದಿರೋ, ಕೂಗಿದರೆ ತೆಗೆಯುತ್ತಾರೆ ಅಂತ ಅದಕ್ಕೆ ಖಾತ್ರಿಯಾಗುತ್ತದೆ. ರಾತ್ರಿ ಅದರ ಮಲಮೂತ್ರಕ್ಕೆ ಹಳೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಮರಳೋ ಮರದ ಹೊಟ್ಟೋ ತುಂಬಿ, ಓಡಾಟ ಕಡಿಮೆ ಇರುವ ಮೂಲೆಯಲ್ಲಿಡಿ. ಹೆಂಚಿನ ಮನೆಯಾದರೆ ಮಾಡಿನ ಸಂದು ನೋಡಿಕೊಳ್ಳಿ. ಬೂದಿ ಎರಡು ವಾರ ಬಚ್ಚಲಿನ ಮೇಲಿನ ಸಂದಿನಿಂದ ಹೋಗಿ ಬರುತ್ತಿದ್ದಳು. ಅದು ನಮಗೆ ಗೊತ್ತಾದದ್ದೇ ಗೋಡೆಯ ಮೇಲಿನ ಕೆಸರಿನ ಹೆಜ್ಜೆಯಿಂದ.

ಮಾರ್ಚ್‌ನಿಂದ ಜುಲೈವರೆಗೆ ಇನ್ನಷ್ಟು ಬಿಗಿ ಬೇಕು. ಮಡಿವಾಳ ಹಕ್ಕಿ ಮರಿ ಮಾಡುವುದು ಆಗ. ಪಿಕಳಾರ, ಟುವ್ವಿ ಹಕ್ಕಿಗಳ ಮರಿಗಳೂ ಗೂಡು ಬಿಟ್ಟು ನೆಲದಲ್ಲಿ ಕುಪ್ಪಳಿಸುತ್ತಿರುತ್ತವೆ. ಸರಿಯಾಗಿ ಹಾರಲು ಕೆಲವು ದಿನ ಬೇಕು. ಅಂಥ ಮರಿ ಕಂಡರೆ ಆ ಮೂರ್ನಾಲ್ಕು ದಿನ ಬೆಕ್ಕನ್ನು ಹಗಲೂ ಹೊರಗೆ ಬಿಡಬೇಡಿ. ಮರಿಯನ್ನು ಎತ್ತಿ ಹತ್ತಿರದ ಕೊಂಬೆಯ ಮೇಲಿಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವುದು ಸುಳ್ಳು. ನೀವು ದೂರ ಸರಿದರೆ ಬಂದು ಗುಟುಕು ಕೊಡುತ್ತದೆ.

ಮೂರನೆಯದು: ಹಾಲು ಅನ್ನ ಸಾಲದು

ಇಲ್ಲಿ ನಮ್ಮಂಥ ಸಸ್ಯಾಹಾರಿ ಮನೆಗಳಿಗೆ ಕಷ್ಟ ಇದೆ. ನಾನೇ ವರ್ಷಗಟ್ಟಲೆ ಹಾಲು ಅನ್ನ, ಮೊಸರನ್ನ ಹಾಕಿ ಸಾಕಿದವಳು. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಎಂಬ ಸತ್ವವನ್ನು ಅದರ ಮೈ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನಿನಿಂದಲೇ ಸಿಗಬೇಕು. ಬಹಳ ಕಾಲ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವೂ ಆಗುವುದಿಲ್ಲ, ಭೇದಿ ಹಿಡಿಯುತ್ತದೆ.

ಬೇಟೆಗೂ ಇದಕ್ಕೂ ಸಂಬಂಧ ಇದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 355 ಬೆಕ್ಕುಗಳ ಮೇಲೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮಾಂಸ ಹೆಚ್ಚಿದ್ದ, ಧಾನ್ಯ ಇಲ್ಲದ ಆಹಾರ ತಿಂದ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ 36ರಷ್ಟು ಕಡಿಮೆಯಾಯಿತು.

ಮೀನು ತರುವ ಮನೆಯಾದರೆ ಸುಲಭ. ಬೂತಾಯಿ, ಬಂಗುಡೆಯ ತುಂಡನ್ನು ಉಪ್ಪು, ಖಾರ ಹಾಕದೆ ಬೇಯಿಸಿ, ಮುಳ್ಳು ತೆಗೆದು ಕೊಡಿ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಟಾರಿನ್ ಆ ನೀರಿಗೆ ಇಳಿದಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಬೇಡವೇ ಬೇಡ, ಬೆಕ್ಕಿಗೆ ಅದು ವಿಷ. ಮನೆಯಲ್ಲಿ ಮಾಂಸ ಮಾಡುವುದಿಲ್ಲ ಎನ್ನುವವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರದ ಪ್ಯಾಕೆಟ್ ತನ್ನಿ. ಟಾರಿನ್ ಸೇರಿಸಿದೆ ಅಂತ ಮೇಲೆ ಬರೆದಿದೆಯಾ ನೋಡಿ. ನಾವು ಈಗ ಅದನ್ನೇ ಹಿತ್ತಿಲ ಜಗಲಿಯಲ್ಲಿ, ಬೇರೆ ಬಟ್ಟಲಲ್ಲಿ ಹಾಕುತ್ತೇವೆ. ಮೊದಲು ಅತ್ತೆಗೆ ಮನಸ್ಸಿರಲಿಲ್ಲ. ಬೂದಿಯ ಮೈಯ ಕೂದಲು ಹೊಳೆಯಲು ಶುರುವಾದ ಮೇಲೆ ಪ್ಯಾಕೆಟ್ ಮುಗಿಯುತ್ತಾ ಬಂತು ಅಂತ ನೆನಪಿಸುವವರು ಅವರೇ.

ನಾಲ್ಕನೆಯದು: ದಿನಾ ಹತ್ತು ನಿಮಿಷ ಆಟ

ಅದೇ ಅಧ್ಯಯನದಲ್ಲಿ ದಿನಕ್ಕೆ ಐದರಿಂದ ಹತ್ತು ನಿಮಿಷ ಆಟವಾಡಿಸಿದ ಬೆಕ್ಕುಗಳ ಬೇಟೆ ಶೇ 25ರಷ್ಟು ಇಳಿದಿತ್ತು. ಅಂಗಡಿಯ ಆಟಿಕೆ ಬೇಕಿಲ್ಲ. ಮೂರಡಿ ಉದ್ದದ ಕೋಲು, ಅದಕ್ಕೊಂದು ದಾರ, ತುದಿಗೆ ಹಳೆ ಕಾಲುಚೀಲದ ಗಂಟು. ಗಂಟನ್ನು ಬೆಕ್ಕಿನ ಮೂತಿಗೆ ಹಿಡಿಯಬೇಡಿ, ಯಾವ ಇಲಿಯೂ ಬೆಕ್ಕಿನ ಮೂತಿಗೆ ಬರುವುದಿಲ್ಲ. ಅದರಿಂದ ದೂರಕ್ಕೆ ಎಳೆಯಿರಿ. ಚಾಪೆಯ ಮರೆಗೆ ಸರಿಸಿ, ನಿಲ್ಲಿಸಿ, ಚೂರೇ ಚೂರು ಅಲ್ಲಾಡಿಸಿ. ಬೆಕ್ಕು ಮೈ ನೆಲಕ್ಕೊತ್ತಿ, ಹಿಂದಿನ ಭಾಗ ಅಲ್ಲಾಡಿಸಿ, ಜಿಗಿಯುತ್ತದೆ. ನಾಲ್ಕು ಸಲ ತಪ್ಪಿಸಿ, ಐದನೇ ಸಲ ಹಿಡಿಯಲು ಬಿಡಿ. ಹಿಡಿದು ಒದ್ದಾಡಿಸಲಿ. ಆಮೇಲೆ ಊಟ ಹಾಕಿ. ಹಿಡಿ, ತಿನ್ನು, ಮೈ ನೆಕ್ಕಿಕೋ, ಮಲಗು: ಬೆಕ್ಕಿನ ದಿನಚರಿಯೇ ಹೀಗೆ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಿ. ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ.

ಐದನೆಯದು: ಕೊರಳಿಗೆ ಗೆಜ್ಜೆಯಲ್ಲ, ಬಣ್ಣ

ಗೆಜ್ಜೆ ಕಟ್ಟಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಎಕ್ಸೆಟರ್‌ನವರಿಗೆ ಗೆಜ್ಜೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆಕ್ಕು ಗೆಜ್ಜೆ ಅಲುಗದಂತೆ ನಡೆಯುವುದನ್ನು ನಾನೇ ಕಂಡಿದ್ದೇನೆ. ಆದರೆ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆಯ ಪಟ್ಟಿ ಹಾಕಿದ ಬೆಕ್ಕುಗಳು ಹಿಡಿದು ತಂದ ಹಕ್ಕಿಗಳು ಶೇ 42ರಷ್ಟು ಕಡಿಮೆ. ಹಕ್ಕಿಗಳಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ, ದೂರದಿಂದಲೇ ಎಚ್ಚರಾಗುತ್ತವೆ. ಇಲಿ ಹಿಡಿಯುವುದು ಮಾತ್ರ ಕಮ್ಮಿಯಾಗಲಿಲ್ಲ! ನಮಗೆ ಬೇಕಾಗಿದ್ದದ್ದೂ ಅದೇ ಅಲ್ವಾ?

ಹಳೆ ಸೀರೆಯ ಕೆಂಪು, ಹಳದಿ ತುಂಡುಗಳಿಂದ ಎರಡು ಇಂಚು ಅಗಲದ ನೆರಿಗೆಯ ಪಟ್ಟಿ ಹೊಲಿಯಿರಿ. ಒಳಗೆ, ಜಗ್ಗಿದರೆ ತಾನಾಗಿ ಬಿಚ್ಚಿಕೊಳ್ಳುವ ಕ್ಲಿಪ್ ಇರುವ ಬೆಕ್ಕಿನ ಕೊರಳಪಟ್ಟಿ ತೂರಿಸಿ. ಗಟ್ಟಿ ದಾರ ಕಟ್ಟಲೇಬೇಡಿ. ಬೇಲಿಗೋ ಕೊಂಬೆಗೋ ಸಿಕ್ಕಿ ಉರುಲಾಗುತ್ತದೆ. ಪಟ್ಟಿ ಮತ್ತು ಕೊರಳ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಇರಲಿ.

ಆರನೆಯದು: ಹಿತ್ತಿಲನ್ನು ಹಕ್ಕಿಗೆ ಅನುಕೂಲ ಮಾಡಿ

ತೆಂಗಿನ ಮರಕ್ಕೆ ಇಲಿ ಹತ್ತದಂತೆ ತಗಡು ಸುತ್ತುತ್ತಾರಲ್ಲ, ಅದೇ ಉಪಾಯ ಗೂಡಿರುವ ಮರಕ್ಕೂ ಆಗುತ್ತದೆ. ಎರಡಡಿ ಅಗಲದ ನುಣುಪು ತಗಡು, ನೆಲದಿಂದ ಐದಾರು ಅಡಿ ಮೇಲೆ. ಬೆಕ್ಕಿನ ಉಗುರು ಜಾರುತ್ತದೆ. ಪಕ್ಕದ ಗೋಡೆಯಿಂದ ಕೊಂಬೆಗೆ ಹಾರುವಂತಿದ್ದರೆ ತಗಡು ಸುತ್ತಿಯೂ ದಂಡ. ಗಿಡಗಳ ಬುಡಕ್ಕೆ ನಿಂಬೆಯ ಮುಳ್ಳು ಕೊಂಬೆ ಹಾಕಿ. ಹಕ್ಕಿಗೆ ನೀರಿಡುವ ಮಡಕೆ ಚೂರು ಪೊದೆಯ ಪಕ್ಕದಲ್ಲಿ ಬೇಡ. ಸುತ್ತ ಎಂಟು, ಹತ್ತು ಅಡಿ ಬಯಲಿರಲಿ.

ಇಲಿಯ ವಿಷಯಕ್ಕೆ ಬಂದರೆ

ಬೆಕ್ಕಿದೆ ಅಂತ ಸುಮ್ನೆ ಕೂರಬೇಡಿ. ಬೆಕ್ಕು ಹಿಡಿಯುವುದು ಚಿಕ್ಕ ಇಲಿ. ದೊಡ್ಡ ಹೆಗ್ಗಣದ ತಂಟೆಗೆ ಅದು ಹೋಗುವುದು ಅಪರೂಪ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಸ ಸಂಸ್ಕರಿಸುವ ಒಂದು ಜಾಗದಲ್ಲಿ ಐದು ತಿಂಗಳು ಕ್ಯಾಮೆರಾ ಇಟ್ಟು ನೋಡಿದರು. ಅಷ್ಟು ದಿನದಲ್ಲಿ ಅಲ್ಲಿನ ಬೀದಿ ಬೆಕ್ಕುಗಳು ಕೊಂದದ್ದು ಎರಡೇ ಎರಡು ದೊಡ್ಡ ಇಲಿ. ಹಾಗಾಗಿ ಅಕ್ಕಿ, ಕಾಳು ಮುಚ್ಚಳದ ಡಬ್ಬಕ್ಕೆ ಹೋಗಲಿ. ಪೆನ್ಸಿಲ್ ತೂರುವಷ್ಟು ಸಂದಿದ್ದರೂ ಇಲಿಮರಿ ನುಸುಳುತ್ತದೆ, ಸಿಮೆಂಟಿನಿಂದ ಮುಚ್ಚಿ. ಬೆಕ್ಕು ಕೊಂದು ತಿನ್ನದೆ ಬಿಟ್ಟ, ಮೂತಿ ಚೂಪಾದ, ಗಬ್ಬು ವಾಸನೆಯ ಪ್ರಾಣಿ ಸುಂಡಿಲಿ. ಅದು ಜಿರಲೆ, ಹುಳ ತಿನ್ನುವ ಬಡಪಾಯಿ.

ಒಂದು ಮಾತು ಕೈಮುಗಿದು ಕೇಳಿಕೊಳ್ಳುತ್ತೇನೆ: ಬೆಕ್ಕಿರುವ ಮನೆಯಲ್ಲಿ ಇಲಿ ಪಾಷಾಣ ಇಡಬೇಡಿ. ಪಾಷಾಣ ತಿಂದು ತೂಗಾಡುವ ಇಲಿ ಬೆಕ್ಕಿಗೆ ಮೊದಲು ಸಿಗುತ್ತದೆ. ಬೂದಿಯ ಅಮ್ಮ ಹಾಗೇ ಹೋದಳು. ಬ್ರೋಮಾಡಿಯೋಲೋನ್ ಬಿಲ್ಲೆಯ ವಿಷವಾದರೆ ಮೈಯೊಳಗೆ ರಕ್ತ ಹೆಪ್ಪುಗಟ್ಟುವುದಿಲ್ಲ. ಎರಡು ಮೂರು ದಿನ ಕಳೆದ ಮೇಲೆ ಬೆಕ್ಕು ಮಂಕಾಗುತ್ತದೆ, ಒಸಡು ಬಿಳಿಚುತ್ತದೆ. ಆ ಹಂತದಲ್ಲೂ ಪಶುವೈದ್ಯರು ವಿಟಮಿನ್ ಕೆ1 ಕೊಟ್ಟು ಉಳಿಸುವ ಅವಕಾಶ ಇದೆ. ಜಿಂಕ್ ಫಾಸ್ಫೈಡ್‌ಗೆ ಮದ್ದಿಲ್ಲ. ಅಂಟಿನ ಹಲಗೆಯೂ ಬೇಡ, ಹಲ್ಲಿ, ಗುಬ್ಬಚ್ಚಿ ಎಲ್ಲ ಅಂಟಿಕೊಂಡು ಸಾಯುತ್ತವೆ. ಹಳೆಯ ಇಲಿಬೋನೇ ವಾಸಿ.

ಸತ್ತ ಇಲಿಯನ್ನು ಬರಿಗೈಯಲ್ಲಿ ಎತ್ತಬೇಡಿ. ಇಲಿ ಜ್ವರ ಬರುವುದು ಅದರ ಮೂತ್ರದಿಂದ. ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು ಎತ್ತಿ, ಹೂಳಿ. ನೆಲಕ್ಕೆ ಸೋಪಿನ ನೀರು ಸಾಕು. ಫಿನಾಯಿಲ್ ಬೆಕ್ಕಿನ ಪಾದಕ್ಕೆ ಹತ್ತಿ, ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ಅದರ ಪಿತ್ತಜನಕಾಂಗಕ್ಕೆ ಅದನ್ನು ಅರಗಿಸುವ ಶಕ್ತಿ ಇಲ್ಲ.

ಬೇಟೆಯಾಡುವ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ ಬೇಕು. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ಚೂರು ಕಂಡರೆ ಅದು ಲಾಡಿಹುಳ. ಮೂರು ತಿಂಗಳ ಮರಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಬೆಕ್ಕು ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಬಸುರಿಯಿದ್ದರೆ ಟಬ್ ತೊಳೆಯುವ ಕೆಲಸ ಬೇರೆಯವರು ಮಾಡಲಿ, ದಿನಾ ಮಾಡಲಿ. ಟಾಕ್ಸೊಪ್ಲಾಸ್ಮಾ ರೋಗಾಣು ಬೆಕ್ಕಿನ ಮಲದಲ್ಲಿ ಬಲಿಯಲು ಕನಿಷ್ಠ ಒಂದು ದಿನವಾದರೂ ಬೇಕು. ಅದಕ್ಕಾಗಿ ಬೆಕ್ಕನ್ನು ಊರಾಚೆ ಬಿಟ್ಟು ಬರುವ ಅಗತ್ಯವಿಲ್ಲ.

ಇನ್ನು ಸಂತಾನಹರಣ ಶಸ್ತ್ರಚಿಕಿತ್ಸೆ. ಐದಾರು ತಿಂಗಳಿಗೇ ಮಾಡಿಸಿ. ಮರಿಯಿರುವ ತಾಯಿ ಬೆಕ್ಕು ಉಳಿದವಕ್ಕಿಂತ ಜಾಸ್ತಿ ಹಿಡಿಯುತ್ತದೆ. ಮರಿಗಳಿಗೆ ಕಲಿಸಲು ಬೇಟೆಯನ್ನು ಜೀವಂತವಾಗಿಯೇ ತರುತ್ತದೆ.

ಹಕ್ಕಿ ಬಾಯಿಗೆ ಸಿಕ್ಕೇಬಿಟ್ಟರೆ

ಕೂಗಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಬೆಕ್ಕು ಇನ್ನಷ್ಟು ಬಿಗಿಯಾಗಿ ಕಚ್ಚುತ್ತದೆ. ಊಟದ ಡಬ್ಬ ಬಡಿಯಿರಿ. ಬೂದಿ ಎರಡು ಸಲ ಆ ಸದ್ದಿಗೇ ಬಾಯಿ ಬಿಟ್ಟಿದ್ದಾಳೆ. ಬಿಡದಿದ್ದರೆ ಒದ್ದೆ ಟವಲನ್ನು ಅದರ ಮೇಲೆ ಹಾಕಿ.

ಹಕ್ಕಿ ಹಾರಿಹೋಗುವಂತೆ ಕಂಡರೂ, ಗಾಯ ಕಾಣದಿದ್ದರೂ ಬಿಟ್ಟುಬಿಡಬೇಡಿ. ಬೆಕ್ಕಿನ ಹಲ್ಲಿನ ತೂತು ಪುಕ್ಕದಡಿ ಕಾಣುವುದಿಲ್ಲ. ಬಾಯಿಯ ಬ್ಯಾಕ್ಟೀರಿಯಾದಿಂದ ನಂಜೇರಿ ಎರಡು ಮೂರು ದಿನದಲ್ಲಿ ಹಕ್ಕಿ ಸಾಯಬಹುದು. ಅದಕ್ಕೆ ಆಂಟಿಬಯೋಟಿಕ್ ಬೇಕು. ಗಾಳಿ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿ ಬಟ್ಟೆ ಹಾಸಿ, ಹಕ್ಕಿಯನ್ನಿಟ್ಟು ಮುಚ್ಚಿ. ಕತ್ತಲು, ಬೆಚ್ಚಗೆ, ಸದ್ದಿಲ್ಲದ ಜಾಗ. ಕೊಕ್ಕು ಬಿಡಿಸಿ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಹಾಲು, ಅನ್ನ ಬೇಡ. ಬೆಂಗಳೂರಿನವರಾದರೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಬೇರೆ ಕಡೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ಪೆಟ್ಟಿಗೆಯನ್ನೇ ಒಯ್ಯಿರಿ. ಎಷ್ಟು ಗಂಟೆಗೆ ಕಚ್ಚಿತು ಅಂತ ಪೆಟ್ಟಿಗೆಯ ಮೇಲೆ ಬರೆದಿಡಿ, ವೈದ್ಯರು ಮೊದಲು ಕೇಳುವುದು ಅದನ್ನೇ.