ಆಯಾಸ ಬಿಡದ ದೇಹಕ್ಕೆ ಅಡುಗೆ ಹೊಂದಿಸುವ ಬಗೆ

ರಾಗಿಮುದ್ದೆ ಪೌಷ್ಟಿಕ ಆಹಾರ ಎಂಬುದರಲ್ಲಿ ಎರಡು ಮಾತಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇರುವುದಿಲ್ಲ. ಆದರೆ ಪಾತ್ರೆಯನ್ನು ಅದುಮಿ ಹಿಡಿದು, ಬಿಸಿ ಹಿಟ್ಟನ್ನು ಕೋಲಿನಿಂದ ಗಂಟಿಲ್ಲದಂತೆ ತೊಳಸಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟುವ ಹೊತ್ತಿಗೆ, ದೀರ್ಘಕಾಲದ ಆಯಾಸದಿಂದ ಬಳಲುವವರ ತೋಳಿನಲ್ಲಿ ಉಣ್ಣುವುದಕ್ಕೂ ಕಸುವು ಉಳಿದಿರುವುದಿಲ್ಲ. ಅದೇ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಸುರಿದು, ಕೆಲವು ನಿಮಿಷ ಕೈಯಾಡಿಸಿ ಇಳಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸಿದರೆ ಅಂಬಲಿ ಸಿದ್ಧವಾಗುತ್ತದೆ. ಧಾನ್ಯ ಅದೇ, ತೆರುವ ಶ್ರಮ ಮಾತ್ರ ಬೇರೆ. ಇಂಥವರ ಊಟವನ್ನು ಹೊಂದಿಸುವಾಗ ಪೌಷ್ಟಿಕಾಂಶದ ಲೆಕ್ಕಕ್ಕಿಂತ ಮೊದಲು ಶ್ರಮದ ಲೆಕ್ಕವನ್ನು ಹಾಕಬೇಕು ಎಂಬುದೇ ಈ ಲೇಖನದ ತಳಹದಿ.

ಮೊದಲು ಕಾರಣ ತಿಳಿಯಿರಿ

ಊಟ ಬದಲಿಸುವ ಮುನ್ನ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಮೊದಲ ಹೆಜ್ಜೆ. ಹಿಮೋಗ್ಲೋಬಿನ್, ಕಬ್ಬಿಣಾಂಶದ ಸಂಗ್ರಹವನ್ನು ತೋರಿಸುವ ಫೆರಿಟಿನ್, ಥೈರಾಯ್ಡ್, ಸಕ್ಕರೆ, ಬಿ12 ಮತ್ತು ಡಿ ವಿಟಮಿನ್‌ಗಳ ಮಟ್ಟ ಗೊತ್ತಾಗಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ವರ್ಷಗಟ್ಟಲೆ ‘ಸುಸ್ತು’ ಎಂದು ಸಹಿಸಿಕೊಂಡು ಬಂದದ್ದು ಚಿಕಿತ್ಸೆಗೆ ಬಗ್ಗುವ ಕೊರತೆಯೇ ಆಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಬೇರೆ ಕಾರಣ ಸಿಗದೆ, ಆರು ತಿಂಗಳಿಗೂ ಹೆಚ್ಚು ಕಾಲ ಬಳಲಿಕೆ ಮುಂದುವರಿದು, ನಿದ್ದೆ ಮಾಡಿ ಎದ್ದರೂ ದಣಿವಾರದೆ, ಸಣ್ಣ ಕೆಲಸದ ಬೆನ್ನಿಗೇ ಆರೋಗ್ಯ ಮತ್ತಷ್ಟು ಕುಸಿಯುತ್ತಿದ್ದರೆ ವೈದ್ಯರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರಬಹುದೇ ಎಂದು ಪರಿಶೀಲಿಸುತ್ತಾರೆ. ಇದನ್ನು ವಾಸಿಮಾಡುವ ಔಷಧವಾಗಲಿ, ಪಥ್ಯವಾಗಲಿ ಇಂದಿಗೂ ಇಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಹೊರತಂದ ಮಾರ್ಗಸೂಚಿ ಕೂಡ ಇರುವ ಶಕ್ತಿಯ ಮಿತಿಯೊಳಗೆ ದಿನವನ್ನು ಹೊಂದಿಸಿಕೊಳ್ಳುವುದಕ್ಕೇ ಒತ್ತು ಕೊಟ್ಟಿದೆ. ಕಾಯಿಲೆಯನ್ನು ಬೇರುಸಹಿತ ಕೀಳುತ್ತೇವೆಂದು ಮಾರುವ ಪುಡಿ, ಕಷಾಯಗಳಿಗೆ ಸುರಿಯುವ ಹಣವನ್ನು ಹೆಚ್ಚಿಟ್ಟ ತರಕಾರಿ ಕೊಳ್ಳುವುದಕ್ಕೆ ಹಾಕಿದರೆ ಹೆಚ್ಚು ಪ್ರಯೋಜನವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಂದು ವಾರ ಬರೆದಿಡಿ

ಒಂದು ನೋಟ್‌ಪುಸ್ತಕದಲ್ಲಿ ಏನು ಉಂಡಿರಿ ಎನ್ನುವುದರ ಜೊತೆಗೆ, ಅದನ್ನು ಮಾಡಲು ಎಷ್ಟು ಹೊತ್ತು ನಿಂತಿರಿ, ಆಮೇಲೆ ಎಷ್ಟು ಹೊತ್ತು ಮಲಗಬೇಕಾಯಿತು ಎನ್ನುವುದನ್ನೂ ಬರೆಯಿರಿ. ಈ ಕಾಯಿಲೆಯಲ್ಲಿ ಶ್ರಮದ ಪರಿಣಾಮ ಅಂದೇ ಕಾಣಬೇಕೆಂದಿಲ್ಲ, ಒಂದೆರಡು ದಿನ ಬಿಟ್ಟೂ ಕಾಣಿಸಿಕೊಳ್ಳಬಹುದು. ಭಾನುವಾರ ಉತ್ಸಾಹದಿಂದ ಹೋಳಿಗೆ ಮಾಡಿದವರು ಮಂಗಳವಾರ ಹಾಸಿಗೆ ಹಿಡಿದರೆ, ಸೋಮವಾರದ ಊಟದ ಮೇಲೆ ತಪ್ಪು ಹೊರಿಸುವುದು ಸುಲಭ. ವಾರದ ಬರಹ ಕೈಯಲ್ಲಿದ್ದರೆ ಈ ಗೊಂದಲ ಕಡಿಮೆಯಾಗುತ್ತದೆ. ದಿನದ ಯಾವ ಹೊತ್ತಿನಲ್ಲಿ ಮೈ ತುಸು ಹಗುರವಾಗಿರುತ್ತದೆ ಎಂಬುದೂ ತಿಳಿಯುತ್ತದೆ. ದಿನದ ಮುಖ್ಯ ಅಡುಗೆಯನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ, ಅದು ಬೆಳಿಗ್ಗೆ ಹನ್ನೊಂದು ಗಂಟೆಯಾದರೂ ಸರಿ.

ಅಡುಗೆಯನ್ನು ತುಂಡುಮಾಡಿ

ಹೆಚ್ಚುವುದು, ರುಬ್ಬುವುದು, ಬೇಯಿಸುವುದು, ಒಗ್ಗರಣೆ, ಪಾತ್ರೆ ತೊಳೆಯುವುದು ಎಲ್ಲವನ್ನೂ ಒಂದೇ ಉಸಿರಿಗೆ ಮುಗಿಸುವ ರೂಢಿಯನ್ನು ಬಿಡಬೇಕಾಗುತ್ತದೆ. ರಾತ್ರಿ ಮಲಗುವ ಮುನ್ನ ಕಾಳು ನೆನೆಹಾಕಿ, ಬೆಳಿಗ್ಗೆ ಕಾಲು ಗಂಟೆ ಕುಳಿತು ತರಕಾರಿ ಹೆಚ್ಚಿ, ಮಲಗಿ ಎದ್ದ ಮೇಲೆ ಕುಕ್ಕರ್ ಇಡಿ. ಹೆಚ್ಚುವ ಕೆಲಸವನ್ನು ಊಟದ ಮೇಜಿನ ಮುಂದೆ ಕುರ್ಚಿಯಲ್ಲಿ ಕುಳಿತೇ ಮಾಡಬೇಕು, ಏಕೆಂದರೆ ಈ ಕಾಯಿಲೆಯುಳ್ಳ ಅನೇಕರಿಗೆ ಸುಮ್ಮನೆ ನಿಂತಿರುವುದೇ ತಲೆಸುತ್ತು ಮತ್ತು ಎದೆಬಡಿತವನ್ನು ತರುತ್ತದೆ. ನಮ್ಮ ಅಜ್ಜಿಯರು ಈಳಿಗೆಮಣೆಯ ಮೇಲೆ ಕುಳಿತೇ ಹೆಚ್ಚುತ್ತಿದ್ದರು ನಿಜ, ಆದರೆ ನೆಲದಿಂದ ಏಳುವ ಶ್ರಮವನ್ನೂ ಲೆಕ್ಕಕ್ಕೆ ಹಿಡಿದರೆ ಕುರ್ಚಿಯೇ ವಾಸಿ.

ಕುಕ್ಕರಿನೊಳಗೆ ಒಂದರ ಮೇಲೊಂದು ಕೂರುವ ಪಾತ್ರೆಗಳಿದ್ದರೆ ಅಕ್ಕಿ, ಬೇಳೆ, ತರಕಾರಿ ಮೂರೂ ಒಟ್ಟಿಗೇ ಬೇಯುತ್ತವೆ. ಅದೂ ಬೇಡವೆನಿಸಿದ ದಿನ ಹೆಸರುಬೇಳೆ, ಅಕ್ಕಿ, ಕ್ಯಾರೆಟ್, ಬೀನ್ಸ್, ಒಂದು ಹಿಡಿ ಸೊಪ್ಪು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ನಾಲ್ಕು ಕೂಗು ಕೂಗಿಸಿದರೆ ಪೊಂಗಲ್ ಆಗುತ್ತದೆ. ಪಾತ್ರೆಯೂ ಒಂದೇ ತೊಳೆಯಬೇಕಾಗುತ್ತದೆ. ಮೈ ಹಗುರವಿರುವ ದಿನ ಹುಳಿಯನ್ನು ಎರಡರಷ್ಟು ಮಾಡಿ, ಒಂದೊಂದು ಊಟಕ್ಕೆ ಆಗುವಷ್ಟನ್ನು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿನಲ್ಲಿಡಿ. ತೆಂಗಿನತುರಿಯನ್ನೂ ಹಾಗೆಯೇ ಇಡಬಹುದು. ಅನ್ನದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಕುಕ್ಕರಿನಲ್ಲೇ ಬಿಟ್ಟ ಬೆಚ್ಚಗಿನ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಹೊರಹಾಕುವ ವಿಷ, ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಬೇಗನೆ ಫ್ರಿಜ್ಜಿಗೆ ಸೇರಿಸಿ, ಮರುದಿನದೊಳಗೆ ಮುಗಿಸಿಬಿಡಿ.

ಒಲೆ ಹಚ್ಚದ ದಿನಕ್ಕೊಂದು ಡಬ್ಬಿ

ಏಳಲಾಗದ ದಿನ ಬಂದೇ ಬರುತ್ತದೆ, ಆ ದಿನ ಬಿಸ್ಕತ್ತು ಮತ್ತು ಕಾಫಿಯಲ್ಲೇ ಕಳೆದುಹೋಗುವುದು ಸಾಮಾನ್ಯ. ಇದಕ್ಕೆ ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಒಳ್ಳೆಯ ಪರಿಹಾರವಿದೆ. ಗಾಳಿಯಾಡದಂತೆ ಕಟ್ಟಿಟ್ಟ ಜೋಳದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಮುರಿದು ಮೊಸರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೇಲೆ ಶೇಂಗಾ ಅಥವಾ ಗುರೆಳ್ಳಿನ ಚಟ್ನಿಪುಡಿ ಉದುರಿಸಿದರೆ ಧಾನ್ಯ, ಪ್ರೋಟೀನ್, ಎಣ್ಣೆಯಂಶ ಎಲ್ಲವೂ ಇರುವ ಊಟವಾಗುತ್ತದೆ. ರೊಟ್ಟಿ ಮತ್ತು ಪುಡಿ ಈಗ ಊರೂರಿನ ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುತ್ತವೆ, ತಟ್ಟುವ ಪ್ರಮೇಯವೇ ಇಲ್ಲ. ದಕ್ಷಿಣದವರಿಗೆ ರಾಗಿ ಹುರಿಹಿಟ್ಟು ಇದೆ. ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಹಾಲು, ಬೆಲ್ಲ ಅಥವಾ ಮಜ್ಜಿಗೆ, ಉಪ್ಪಿನೊಂದಿಗೆ ಹಾಗೆಯೇ ಕಲಸಿಕೊಂಡು ತಿನ್ನಬಹುದು. ತೆಳು ಅವಲಕ್ಕಿ, ಹುರಿಗಡಲೆ, ಕಡಲೆಬೀಜ, ಖರ್ಜೂರ ಇವೂ ಡಬ್ಬಿಯಲ್ಲಿರಲಿ. ಡಬ್ಬಿಯನ್ನು ಅಟ್ಟದ ಮೇಲಿಡದೆ, ಮಂಚದಿಂದ ಕೈಗೆಟಕುವ ಜಾಗದಲ್ಲಿಡಿ.

ಹೊತ್ತು, ಕಾಫಿ, ಉಪವಾಸ

ತುಂಬಿದ ಊಟದ ನಂತರ ಜೋಂಪು ಹೆಚ್ಚುವವರು ಮೂರು ದೊಡ್ಡ ಊಟದ ಬದಲು ಐದು ಸಣ್ಣ ಊಟ ಮಾಡಿ ನೋಡಬಹುದು. ಒಪ್ಪತ್ತು, ಏಕಾದಶಿಗಳ ನಿಯಮವನ್ನು ಕಾಯಿಲೆಯವರು ಸಡಿಲಿಸಿಕೊಂಡರೆ ತಪ್ಪೇನಿಲ್ಲ, ಹಿರಿಯರೂ ರೋಗಿಗಳಿಗೆ ವಿನಾಯಿತಿ ಕೊಟ್ಟೇ ಇದ್ದಾರೆ. ಕಾಫಿ, ಟೀಗಳು ಊಟದಲ್ಲಿನ ಕಬ್ಬಿಣಾಂಶ ಮೈಗೂಡದಂತೆ ತಡೆಯುವುದರಿಂದ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಅವುಗಳಿಂದ ದೂರವಿರುವುದು ಒಳ್ಳೆಯದು. ಸಂಜೆಯ ಫಿಲ್ಟರ್ ಕಾಫಿ ಮೊದಲೇ ಹಾಳಾಗಿರುವ ನಿದ್ದೆಯನ್ನು ಮತ್ತಷ್ಟು ಕೆಡಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಸೊಪ್ಪಿನ ಪಲ್ಯ, ಕಾಳಿನ ಉಸಲಿಗಳ ಮೇಲೆ ಹಿಂಡಿದ ನಿಂಬೆರಸ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತದೆ. ಬಿ12 ಸಸ್ಯಾಹಾರದಲ್ಲಿ ಹಾಲು, ಮೊಸರಿನಂಥವುಗಳಲ್ಲಿ ಮಾತ್ರ ಇರುವುದರಿಂದ ಕೊರತೆಯಿದ್ದವರು ವೈದ್ಯರು ಹೇಳಿದ ಮಾತ್ರೆಯನ್ನು ತಪ್ಪಿಸಬಾರದು. ಮನೆಯಿಂದ ಹೊರಬರಲಾಗದವರಿಗೆ ಬಿಸಿಲೂ ಸಿಗದ ಕಾರಣ ಡಿ ವಿಟಮಿನ್ ಬಗ್ಗೆಯೂ ಕೇಳಬೇಕು. ನಿಂತಾಗ ತಲೆಸುತ್ತುವವರಿಗೆ ಕೆಲವು ವೈದ್ಯರು ಉಪ್ಪು, ನೀರು ಹೆಚ್ಚಿಸಲು ಹೇಳುತ್ತಾರೆ. ಆದರೆ ರಕ್ತದೊತ್ತಡ, ಮೂತ್ರಪಿಂಡದ ತೊಂದರೆಯುಳ್ಳವರು ಪಕ್ಕದ ಮನೆಯವರ ಮಾತು ಕೇಳಿ ಇದನ್ನು ಮಾಡಕೂಡದು.

ಕೇಳುವುದನ್ನು ಕಲಿಯಿರಿ

ನೆರವಾಗಬಯಸುವ ಬಂಧುಗಳು ‘ಏನಾದರೂ ಬೇಕಾ?’ ಎಂದು ಕೇಳುತ್ತಾರೆ, ರೋಗಿ ಸಂಕೋಚದಿಂದ ‘ಏನೂ ಬೇಡ’ ಎನ್ನುತ್ತಾರೆ. ಇದರ ಬದಲು ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ‘ಎರಡು ತೆಂಗಿನಕಾಯಿ ತುರಿದು ಫ್ರೀಜರಿನಲ್ಲಿಡಬೇಕು, ಸೊಪ್ಪು ಬಿಡಿಸಬೇಕು, ದೋಸೆಹಿಟ್ಟು ರುಬ್ಬಬೇಕು’ ಎಂದು ಬರೆದಿಟ್ಟರೆ ಬಂದವರು ತಾವಾಗಿಯೇ ಒಂದನ್ನು ಆರಿಸಿಕೊಳ್ಳುತ್ತಾರೆ. ಅದೇ ಚೀಟಿಯ ಕೆಳಗೆ ತಿಂಗಳಿಗೊಮ್ಮೆ ದೇಹದ ತೂಕವನ್ನೂ ಬರೆದಿಡಿ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಾ ಹೋದರೆ, ಇಲ್ಲವೇ ನುಂಗುವುದೇ ಕಷ್ಟವಾದರೆ, ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ಆ ಚೀಟಿಯೊಂದಿಗೇ ವೈದ್ಯರ ಬಳಿ ಹೋಗಿ.