ಹಾಸಿಗೆ ಹುಣ್ಣು ಬಾರದಂತೆ ರೋಗಿಯನ್ನು ಕಾಯುವ ಕ್ರಮ

ಎಲುಬಿನ ಮೇಲೆ ಮಾಂಸ ತೆಳುವಾಗಿರುವ ಕಡೆ, ಅಂದರೆ ಬೆನ್ನಿನ ಕೆಳತುದಿ, ಹಿಮ್ಮಡಿ, ಸೊಂಟದ ಪಕ್ಕ, ಮೊಣಕೈ ಮತ್ತು ತಲೆಯ ಹಿಂಭಾಗದಲ್ಲಿ, ದೇಹದ ಭಾರ ಬಹಳ ಹೊತ್ತು ಒಂದೇ ಸಮನೆ ಬಿದ್ದರೆ ಸಣ್ಣ ರಕ್ತನಾಳಗಳು ಅಮುಕಿಹೋಗಿ ಅಲ್ಲಿನ ಅಂಗಾಂಶ ಸಾಯತೊಡಗುತ್ತದೆ. ಮೇಲ್ಚರ್ಮ ಬಿರಿಯುವ ಮೊದಲೇ ಒಳಗೆ ಹಾನಿ ಆಗಿರಬಹುದಾದ್ದರಿಂದ ಶುಶ್ರೂಷಕರ ಕೆಲಸ ಚರ್ಮವನ್ನು ನೋಡುವುದರಿಂದಲೇ ಆರಂಭವಾಗಬೇಕು.

ರೋಗಿ ದಾಖಲಾದ ಕೆಲವೇ ಗಂಟೆಗಳಲ್ಲಿ ತಲೆಯಿಂದ ಪಾದದವರೆಗೆ ಚರ್ಮವನ್ನು ಪರೀಕ್ಷಿಸಿ, ಬ್ರೇಡನ್ ಮಾಪಕದಲ್ಲಿ ಅಪಾಯವನ್ನು ಅಳೆಯಬೇಕು. ಸ್ಪರ್ಶಜ್ಞಾನ, ತೇವ, ಚಟುವಟಿಕೆ, ಚಲನೆ, ಆಹಾರ ಮತ್ತು ಉಜ್ಜುವಿಕೆ ಎಂಬ 6 ಅಂಶಗಳ ಈ ಮಾಪಕದಲ್ಲಿ ಒಟ್ಟು ಅಂಕ 6ರಿಂದ 23ರವರೆಗೆ ಇರುತ್ತದೆ; ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯವಿದೆ ಎಂದರ್ಥ. ಶಸ್ತ್ರಚಿಕಿತ್ಸೆಯಾದಾಗ, ಜ್ವರ ಏರಿದಾಗ ಅಥವಾ ಪ್ರಜ್ಞೆ ಮಂಕಾದಾಗ ಮತ್ತೆ ಅಳೆಯದಿದ್ದರೆ ಆ ಅಂಕ ಬರೀ ಕಡತದ ಅಲಂಕಾರ.

ಕೆಂಪಾದ ಜಾಗ ಕಂಡರೆ ಬೆರಳಿನಿಂದ 3 ಸೆಕೆಂಡು ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪೇರಿದರೆ ರಕ್ತ ಹರಿಯುತ್ತಿದೆ. ಬಿಳಿಚಿಕೊಳ್ಳದೆ ಹಾಗೆಯೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಾಣಿಸದೇ ಇರಬಹುದು. ಆಗ ಅಂಗೈಯ ಹಿಂಬದಿಯಿಂದ ಮುಟ್ಟಿ, ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬೆಚ್ಚಗಿದೆಯೇ, ತಣ್ಣಗಿದೆಯೇ, ಗಡುಸಾಗಿದೆಯೇ ಎಂದು ಹೋಲಿಸಿ ನೋಡಬೇಕು, ನೋವಿದೆಯೇ ಎಂದು ಕೇಳಬೇಕು. ಕೆಂಪಾದಲ್ಲಿ ಎಣ್ಣೆ ಹಚ್ಚಿ ತಿಕ್ಕುವುದನ್ನು ಮನೆಯವರು ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಅದರಿಂದ ಒಳಗಿನ ಹಾನಿ ಹೆಚ್ಚುತ್ತದೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ವಾರ್ಡಿನ ರೂಢಿ. ಅದನ್ನು ಆರಂಭದ ಅಳತೆಯೆಂದಷ್ಟೇ ತಿಳಿಯಬೇಕು: ಎರಡು ಗಂಟೆಯಲ್ಲೇ ಚರ್ಮ ಕೆಂಪೇರಿದರೆ ಅವಧಿಯನ್ನು ಇಳಿಸಬೇಕು. ಮಗ್ಗುಲಾಗಿಸುವಾಗ ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಎಲುಬಿನ ಮೇಲೆ ಬೀಳುವುದರಿಂದ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟೇ ವಾಲಿಸಿ, ಮಂಡಿಗಳ ನಡುವೆ ಇನ್ನೊಂದು ದಿಂಬು ಇಡಬೇಕು. ಬಳಿಕ ನಿಮ್ಮ ಅಂಗೈಯನ್ನು ಬೆನ್ನಿನ ಕೆಳತುದಿಯ ಅಡಿಗೆ ತೂರಿಸಿ ನೋಡಿ. ಅದು ಸಲೀಸಾಗಿ ಹೋದರೆ ಆ ಎಲುಬು ಹಾಸಿಗೆಗೆ ಒತ್ತಿಲ್ಲ. ಹಿಮ್ಮಡಿಗೆ ದಿಂಬನ್ನು ಪಾದದ ಅಡಿಗಲ್ಲ, ಮೀನಖಂಡದ ಉದ್ದಕ್ಕೂ ಇಟ್ಟು, ಮಂಡಿ ತುಸು ಮಡಿಚಿ ಹಿಮ್ಮಡಿ ಗಾಳಿಯಲ್ಲಿ ನಿಲ್ಲುವಂತೆ ಮಾಡಬೇಕು.

ಮಗ್ಗುಲು ಬದಲಿಸಿದರೂ ಹುಣ್ಣಾಗುವುದಕ್ಕೆ ಬಹಳ ಸಲ ಕಾರಣ ಎಳೆದಾಟ. ಹಾಸಿಗೆಯ ತಲೆಭಾಗ ಎತ್ತರವಿದ್ದರೆ ರೋಗಿ ಕೆಳಗೆ ಜಾರುತ್ತಾನೆ. ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತದೆ, ಒಳಗಿನ ಎಲುಬು ಮಾತ್ರ ಸರಿಯುತ್ತದೆ, ನಡುವಿನ ರಕ್ತನಾಳಗಳು ಜಗ್ಗಿ ಹರಿದುಹೋಗುತ್ತವೆ. ಆದ್ದರಿಂದ ಊಟ, ಉಸಿರಾಟದಂಥ ಕಾರಣವಿಲ್ಲದಿದ್ದರೆ ತಲೆಭಾಗ 30 ಡಿಗ್ರಿ ಮೀರಬಾರದು, ಎತ್ತಲೇಬೇಕಾದರೆ ಮೊದಲು ಮಂಡಿಯ ಭಾಗವನ್ನು ಎತ್ತಬೇಕು. ಜಾರಿದ ರೋಗಿಯನ್ನು ಕಂಕುಳಿಗೆ ಕೈಹಾಕಿ ಒಬ್ಬರೇ ಎಳೆಯದೆ, ಜಾರುಹಾಳೆಯನ್ನು (ರೋಗಿಯ ಅಡಿಗೆ ಹಾಸುವ ನುಣುಪಾದ ಬಟ್ಟೆ) ಬಳಸಿ ಇಬ್ಬರು ಸೇರಿ ಮೇಲಕ್ಕೆ ಸರಿಸಬೇಕು. ಗಾಳಿಹಾಸಿಗೆ ಒತ್ತಡ ತಗ್ಗಿಸುತ್ತದೆಯೇ ಹೊರತು ಮಗ್ಗುಲು ಬದಲಿಸುವ ಕೆಲಸವನ್ನು ತಪ್ಪಿಸುವುದಿಲ್ಲ. ನಡುವೆ ತೂತಿರುವ ಉಂಗುರದ ದಿಂಬು ಬೇಡವೇ ಬೇಡ. ಅದರ ಅಂಚು ಸುತ್ತಲಿನ ರಕ್ತಸಂಚಾರವನ್ನು ತಡೆಯುತ್ತದೆ.

ಮಲಮೂತ್ರದಿಂದ ಒದ್ದೆಯಾದ ಚರ್ಮ ಬೇಗ ಸುಲಿಯುತ್ತದೆ. ಒದ್ದೆಯಾದ ಕೂಡಲೇ ಸೌಮ್ಯ ದ್ರಾವಣದಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ರಕ್ಷಕ ಕ್ರೀಮು ಹಚ್ಚಬೇಕು. ಆಮ್ಲಜನಕದ ಕೊಳವೆ ಕೂರುವ ಕಿವಿಯ ಹಿಂಬದಿ, ಮಾಸ್ಕ್ ಒತ್ತುವ ಮೂಗಿನ ಮೇಲ್ಭಾಗ, ತೊಡೆಯ ಅಡಿಗೆ ಸಿಕ್ಕಿಬಿದ್ದ ಕ್ಯಾತಿಟರ್ (ಮೂತ್ರ ಹೊರಹರಿಸುವ) ನಳಿಕೆ ಇವುಗಳತ್ತಲೂ ಪ್ರತಿ ಪಾಳಿಯಲ್ಲಿ ಕಣ್ಣು ಹಾಯಬೇಕು.

ಪೌಷ್ಟಿಕತೆ ಕಡಿಮೆಯಿರುವ ಅಪಾಯದ ರೋಗಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಸೂಚಿಸಲಾಗುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದರೆ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಪಾಳಿ ಬದಲಾಗುವಾಗ "ಚರ್ಮ ಸರಿಯಿದೆ" ಎಂದು ಬರೆದರೆ ಸಾಲದು. ಯಾವ ಜಾಗ, ಎಷ್ಟು ಅಗಲ, ಯಾವ ಬಣ್ಣ, ಕೊನೆಯ ಸಲ ಯಾವ ಮಗ್ಗುಲಿಗೆ ಯಾವಾಗ ತಿರುಗಿಸಿದ್ದು ಎಂಬುದನ್ನು ದಾಖಲಿಸಿ, ಸಂಶಯವಿರುವ ಜಾಗವನ್ನು ಹೋಗುವವರೂ ಬರುವವರೂ ಹಾಸಿಗೆಯ ಬಳಿ ನಿಂತು ಒಟ್ಟಿಗೆ ನೋಡಬೇಕು.