ಅರ್ಧಕ್ಕೇ ನಿಲ್ಲುತ್ತಿದ್ದ ವೆಬ್ ಪುಟಗಳು: ಡಯಲ್-ಅಪ್‌ನಲ್ಲಿ ನನ್ನ ಅನುಭವ

ವಿಂಡೋಸ್ 98, ಫೋನ್ ಲೈನಿನ ಮೂಲಕ ಇಂಟರ್ನೆಟ್‌ಗೆ ಡಯಲ್ ಮಾಡುವ 56ಕೆ ಮೋಡೆಮ್. ಕನೆಕ್ಷನ್ ಸಿಗುತ್ತಿತ್ತು, ಸಣ್ಣ ಪುಟಗಳು ತೆರೆಯುತ್ತಿದ್ದವು. ಕೆಲವು ಸೈಟುಗಳು ಮಾತ್ರ ಹೆಸರು ತೋರಿಸಿ ಸುಮ್ನೆ ನಿಂತುಬಿಡುತ್ತಿದ್ದವು. ಫೋನ್ ಬಿಲ್ ಮಾತ್ರ ನಿಲ್ಲುತ್ತಿರಲಿಲ್ಲ!

ಲೈನಿನ ಗೊರಗೊರ ಸದ್ದಿನ ಮೇಲೆ ಅನುಮಾನ ಬರುವುದು ಸಹಜ. ಆದರೆ ಅದನ್ನು ಮೋಡೆಮ್ಮೇ ಸರಿಪಡಿಸಿಕೊಳ್ಳುತ್ತದೆ, ವೇಗ ಕಡಿಮೆಯಾಗಬಹುದು ಅಷ್ಟೇ. ಡಾಸ್ ಕಿಟಕಿಯಲ್ಲಿ ಪಿಂಗ್ (ದೂರದ ಕಂಪ್ಯೂಟರಿನಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್) ಕೊಟ್ಟು, ಪ್ಯಾಕೆಟ್ (ಒಂದು ಸಲಕ್ಕೆ ಸಾಗುವ ಡೇಟಾ ತುಂಡು) ಒಡೆಯಬಾರದು ಎಂಬ ಆಯ್ಕೆ ಹಾಕಿ 1472 ಬೈಟ್ ಕಳಿಸಿದೆ. ಉತ್ತರವಿಲ್ಲ. 1400ಕ್ಕೆ ಇಳಿಸಿದೆ, ತಕ್ಷಣ ಉತ್ತರ ಬಂತು. ಹೆಡರಿನ (ಪ್ಯಾಕೆಟ್ಟಿನ ಮೊದಲಿಗೆ ಸೇರುವ ವಿಳಾಸ ಮುಂತಾದ ಮಾಹಿತಿಯ) 28 ಬೈಟ್ ಸೇರಿದರೆ 1472 ಸರಿಯಾಗಿ 1500 ಆಗುತ್ತದೆ. ಅಂದರೆ ದಾರಿಯಲ್ಲೆಲ್ಲೋ ಅಷ್ಟು ದೊಡ್ಡ ಪ್ಯಾಕೆಟ್ ಹಿಡಿಸುತ್ತಿಲ್ಲ, 'ಚಿಕ್ಕದು ಕಳಿಸು' ಎಂಬ ಸೂಚನೆಯೂ ವಾಪಸ್ ಬರುತ್ತಿಲ್ಲ.

ಕಂಟ್ರೋಲ್ ಪ್ಯಾನೆಲ್, ನೆಟ್‌ವರ್ಕ್, ಡಯಲ್-ಅಪ್ ಅಡಾಪ್ಟರ್, ಪ್ರಾಪರ್ಟೀಸ್, ಅಡ್ವಾನ್ಸ್ಡ್. ಅಲ್ಲಿ 'ಐಪಿ ಪ್ಯಾಕೆಟ್ ಸೈಜ್' ಇದೆ. ಕಂಪ್ಯೂಟರ್ ಅಂಗಡಿಯವರು ಅದನ್ನು 'ಲಾರ್ಜ್', ಅಂದರೆ 1500ಕ್ಕೆ ಇಟ್ಟಿದ್ದರು. 'ಮೀಡಿಯಂ' ಮಾಡಿದೆ, 1000. 'ಸ್ಮಾಲ್' ಅಂದರೆ 576, ಅಷ್ಟು ಇಳಿಸಬೇಕಾಗಲಿಲ್ಲ. ಪ್ಯಾಕೆಟ್ ಚಿಕ್ಕದಾದಷ್ಟೂ ಹೆಡರಿನ ಪಾಲು ಜಾಸ್ತಿ, ಅಲ್ವಾ? ರೀಸ್ಟಾರ್ಟ್ ಮಾಡಿದ ಮೇಲೆ ನಿಂತಿದ್ದ ಸೈಟುಗಳು ಪೂರ್ತಿ ತೆರೆದವು. ಫೋಟೋ ಲಗತ್ತಿಸಿದ ಮೇಲ್ ಕೂಡ ಹೋಗತೊಡಗಿತು.